‘ಮಾವನ ಪ್ರಿಂಟರ್’ ಎಂಬ ಹೆಸರಿನ ವಿಚಾರ

ಮಾವನವರೊಡನೆ ಮೇಲ್ಮನೆಯಲ್ಲಿರುವ ಮಗಳಿಗೆ ಕೆಳಮನೆಯ ತಂದೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಎರಡೂ ಮನೆಯವರು ನೆಟ್‌ವರ್ಕಿನಲ್ಲಿ ಬಳಸುವ ಪ್ರಿಂಟರನ್ನು ಕೊಂಡು ತಂದವನು ನಾನು.

೨. ನಿನ್ನ ಮ್ಯಾಕ್‌ನಲ್ಲಿ ಅದಕ್ಕೆ ‘ಮಾವನ ಪ್ರಿಂಟರ್’ ಎಂದು ಹೆಸರಿರುವುದನ್ನು ನಿನ್ನೆ ಕಣ್ಣಾರೆ ಕಂಡೆನು.

೩. ಕೂಡಲೇ ನನ್ನ ವಿಂಡೋಸ್‌ನಲ್ಲಿ ‘ಅಪ್ಪನ ಪ್ರಿಂಟರ್’ ಎಂದು ತಿದ್ದಿದೆನು. ನಿನ್ನ ಮ್ಯಾಕ್‌ನಲ್ಲಿ ಬದಲಾಗಲಿಲ್ಲ.

ಕಂಪ್ಯೂಟರ್ ರಿಪೇರಿಯವನನ್ನು ವಿಚಾರಿಸಲಾಗಿ, “ಯಜಮಾನ್ರೇ, ಇಲ್ಲಿ ಬರೆದಿದ್ದು ಇಲ್ಲೇ ಇರುತ್ತೆ. ಅಲ್ಲಿ ಅವ್ರೇ ಬದಲಾಯಿಸ್ಬೇಕು. ಏನು, ಬೀಗರ ಮೇಲೆ ಹೊಟ್ಟೆಕಿಚ್ಚಾ?” ಎಂದು ನಕ್ಕನು. ನಾನು ಅಲ್ಲಗಳೆದೆನು.

ನಿನ್ನ ಮಾವನವರು ಅದಕ್ಕೆ ಇಂಕು ತುಂಬಿಸುತ್ತಾರೆಂಬುದು ನಿಜ. ನಿನಗೆ ಅಕ್ಷರ ತಿದ್ದಿಸಿದವನು ನಾನೆಂಬುದೂ ನಿಜ. ಆದಕಾರಣ ಹೆಸರನ್ನು ಬದಲಾಯಿಸಬೇಕು. ಮನಸ್ಸು ಬಾರದಿದ್ದಲ್ಲಿ, ಇಂಕು ಮುಗಿದಾಗ ಮೊದಲು ನನ್ನನ್ನು ಕೂಗಿ ಕರೆಯಬೇಕೆಂದು ಕೋರುತ್ತೇನೆ.

ಒಂದೇ ಮೆಟ್ಟಿಲಸಾಲಿನ ಕೆಳಗಿರುವ,
ನಿನ್ನ ಅಪ್ಪ
(ಸಹಿ)

ಲಗತ್ತು: ಕಪ್ಪು ಇಂಕಿನ ಬಾಟಲಿ, ಒಂದು. ನಾನು ಬರುವವರೆಗೆ ಯಾರೂ ತೆರೆಯತಕ್ಕದ್ದಲ್ಲ.