ಮುತ್ತಾತನ ಮೇಲೆ ಹೊರಿಸದ ಕೊಲೆ

ಸುರಂಗ ಶಕ ಇನ್ನೂರ ಹದಿನಾಲ್ಕು, ಎರಡನೇ ಅಧಿಕ ಶ್ರಾವಣ, ಮೂವತ್ತಮೂರನೇ ದಿನ
ಕೋಲಾರದ ಹಳೆಯ ಚಿನ್ನದ ಗಣಿ, ಒಂಬತ್ತನೇ ಆಳ

ಮುತ್ತಾತ ಮುನಿಯಲ್ಲಪ್ಪನವರಿಗೆ, ನಿಮ್ಮಿಂದ ಹನ್ನೊಂದನೇ ತಲೆಮಾರಿನ ಗಂಗುಲಮ್ಮ ಮಾಡುವ ನಮಸ್ಕಾರಗಳು. ನನ್ನ ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಬಿಸಿಲಿಗೆ ಬೆಂದು ನಾವು ನೆಲದೊಳಗೆ ಇಳಿದ ಮೇಲೆ ಮಾತೂ ಬದಲಾಯಿತು. ಚಂದ್ರನೇ ಕಾಣದ ಕಡೆ ತಿಂಗಳಿಗೆ ಎಷ್ಟು ದಿನವೆಂದು ಯಾರೂ ಜಗಳವಾಡುವುದಿಲ್ಲ.

ನಾನೊಂದು ಕೊಲೆ ಮಾಡಿದ್ದೇನೆ. ಅದಕ್ಕೆ ಕಾರಣ ನೀವಂತೆ. ನಮ್ಮಲ್ಲಿ ಕೋರ್ಟಿಲ್ಲ, ಕಾರಣಮನೆ ಇದೆ. ಮನುಷ್ಯನೂ ಕಲ್ಲು ನೀರಿನಂತೆ ಒಂದು ವಸ್ತು, ತಳ್ಳಿದ ಕಡೆ ಉರುಳುತ್ತಾನೆ, ಅವನ ಇಷ್ಟವೆಂಬುದೇ ಇಲ್ಲ ಎಂಬುದು ಅಲ್ಲಿಯ ಗುಮಾಸ್ತರ ಸಿದ್ಧಾಂತ. ಯಾರು ಯಾರನ್ನೇ ಹೊಡೆಯಲಿ, ಅವರು ರಕ್ತ ಪರೀಕ್ಷಿಸಿ, ಹಳೆಯ ದಾಖಲೆ ಕೆದಕಿ, ಏಟಿನ ಮೂಲ ಹುಡುಕುತ್ತಾರೆ. ನನ್ನದನ್ನು ಹುಡುಕುತ್ತ ಹೋಗಿ ನಿಮ್ಮ ಹತ್ತಿರ ನಿಂತರು. ನೀವೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಮಗನ ಕಿವಿಯಿಂದ ರಕ್ತ ಬರುವಂತೆ ಬಾರಿಸಿದಿರಂತೆ. ಅವನು ತನ್ನ ಮಗನಿಗೆ ಬಾರಿಸಿದ. ಹಾಗೇ ಇಳಿದು ಬಂದು ನನ್ನ ಕೈ ಸೇರಿತಂತೆ. ಈಗ ನಿಮ್ಮನ್ನು ದೂರಿ ಒಂದು ಕಾಗದ ಬರೆದು ರುಜು ಹಾಕಿದರೆ ನಾನು ಮನೆಗೆ ಹೋಗಬಹುದು. ಹಲ್ಲು ಉದುರಿಸಿದವರು, ಕಣ್ಣು ಕಿತ್ತವರು ಎಲ್ಲರೂ ಇಲ್ಲಿ ಬೆಳಿಗ್ಗೆ ರುಜು ಹಾಕಿ ಮಧ್ಯಾಹ್ನ ಮುದ್ದೆ ಉಣ್ಣುತ್ತಾರೆ. ಗೋಡೆಯ ರಕ್ತ ಒರೆಸುವುದಕ್ಕೆಂದೇ ಓಣಿಗೊಬ್ಬರನ್ನು ನೇಮಿಸಿದ್ದಾರೆ.

ನಡೆದದ್ದು ಇಷ್ಟು. ನೀರಿನ ಸಾಲಿನಲ್ಲಿ ತಿಮ್ಮರಾಯ ನನ್ನ ಕೊಡ ಒದ್ದ. ಇಡೀ ದಿನದ ನೀರು ಚೆಲ್ಲಿತು. ಕೈಗೆ ಸಿಕ್ಕ ಹಾರೆಯಿಂದ ಹೊಡೆದೆ. ಮೊಣಕಾಲು ಚೂರಾಗಿ ಬಿದ್ದ. ಎರಡನೇ ಏಟಿಗೆ ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಆ ಎರಡು ಏಟು ನಿಮ್ಮವೇ ಇರಬಹುದು, ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಆಮೇಲೆ ಅವನು ಕೈ ಎತ್ತಿ, "ಬುಡಕ್ಕ, ಸಾಕು" ಅಂದ. ನಾನು ನಿಂತೆ. ಬೆವರು ಒರೆಸಿಕೊಂಡೆ. ಹಾರೆ ಕೆಳಗಿಡಬಹುದಿತ್ತು. ಹಿಡಿ ಬದಲಿಸಿಕೊಂಡು ತಲೆಗೆ ಹೊಡೆದೆ. ಬುರುಡೆ ಬಿಚ್ಚಿಕೊಳ್ಳುವವರೆಗೂ ಹೊಡೆದೆ.

ನಾನು ನಿಂತ ಆ ಗಳಿಗೆಗೂ ಕಾರಣಮನೆಯವರ ಹತ್ತಿರ ಕಾರಣವಿದೆ: ಉಪ್ಪು ಕಡಿಮೆ, ನಿದ್ದೆ ಕಡಿಮೆ, ಅಪ್ಪನ ಬೆಲ್ಟು. ಸರಿಯೇ ಇದ್ದೀತು. ಅವರೊಡನೆ ವಾದಿಸುವಷ್ಟು ಓದು ನನಗಿಲ್ಲ. ಆದರೆ ಆ ಗಳಿಗೆಯ ಒಳಗೆ ಇದ್ದವಳು ನಾನು, ಗುಮಾಸ್ತನಲ್ಲ. ಬೇಡ ಎಂದು ಮನಸ್ಸು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಿಮ್ಮರಾಯನ ತಾಯಿ ಸೊಣ್ಣಮ್ಮ ಮೂರು ದಿನದಿಂದ ಕಾರಣಮನೆಯ ಮುಂಬಾಗಿಲಲ್ಲಿ ಕೂತಿದ್ದಾಳೆ. ಕೊಂದವರ ಹೆಸರೆತ್ತುವುದು ನಮ್ಮಲ್ಲಿ ಅಸಭ್ಯ, ಕಣ್ಣಾರೆ ಕಂಡವರೂ ಬಾಯಿ ಬಿಡುವುದಿಲ್ಲ. ಅವಳ ಕೈಗೆ ನಿಮ್ಮ ಹೆಸರಿನ ಚೀಟಿ ಕೊಟ್ಟಿದ್ದಾರೆ. "ಇವನ್ಯಾರಮ್ಮ, ಯಾವ ಕಾಲ್ದಾಗೋ ಸತ್ತೋನು? ನನ್ ಮಗನ್ನ ಕೊಂದೋರು ಯಾರೂ ಇಲ್ವಾ?" ಎಂದು ಹೋಗಿಬರುವವರನ್ನೆಲ್ಲ ಕೇಳುತ್ತಾಳೆ. ನನ್ನನ್ನೂ ಕೇಳಿದಳು. ತಲೆ ತಗ್ಗಿಸಿ ಒಳಗೆ ಬಂದೆ.

ಅವಳ ಮಡಿಲಲ್ಲಿ ಆ ಹಾರೆ ಇದೆ. ಸತ್ತವನ ಮನೆಯವರಿಗೆ ಅದನ್ನು ಕೊಡುವುದು ಇಲ್ಲಿಯ ಪದ್ಧತಿ. ಆ ಹಾರೆಯಿಂದ ಅವಳು ಏನು ಮಾಡಿದರೂ ಯಾರೂ ತಪ್ಪೆನ್ನುವುದಿಲ್ಲ. ಗುಮಾಸ್ತ ನನಗಾಗಿ ಹಿಂಬಾಗಿಲು ತೆರೆದಿಟ್ಟಿದ್ದಾನೆ. ಭಯವಾಗುತ್ತಿದೆ ತಾತ. ಮುಂಬಾಗಿಲಿನಿಂದಲೇ ಹೋಗುತ್ತೇನೆ. ನಿಮ್ಮ ಮೇಲೆ ನನ್ನ ದೂರಿಲ್ಲ.

ಇಂತಿ,
ತಿಮ್ಮರಾಯನನ್ನು ಕೊಂದವಳು,
ಗಂಗುಲಮ್ಮ