ಸುಣ್ಣದ ಸೀಸೆ

ಜನವರಿ ೫, ೨೦೨೫. ಭಾನುವಾರ, ಸಂಜೆ

ಅಕ್ಕನಿಗೆ ಪತ್ರ ಬರೆಯಬೇಕು. ಮೊದಲು ಈ ಪುಸ್ತಕದಲ್ಲಿ ಬರೆದು, ತಿದ್ದಿ, ಆಮೇಲೆ ಕಾಗದಕ್ಕೆ ಇಳಿಸುವುದು ನನ್ನ ಅಭ್ಯಾಸ.

ಅಕ್ಕ ವೆಂಕಟರತ್ನಮ್ಮನಿಗೆ ತಮ್ಮ ಮುನಿಕೃಷ್ಣಪ್ಪನ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಸೊಣ್ಣಪ್ಪ ಭಾವನ ಕೆಮ್ಮು ಈ ಚಳಿಗೆ ಜಾಸ್ತಿಯಾಯಿತೋ? ನಿನ್ನ ಮಗಳು ಸುನಂದ ಹಸಿ ಬಾಣಂತಿ, ಕಿವಿಗೆ ಗಾಳಿ ಹೋಗದ ಹಾಗೆ ನೋಡಿಕೋ. ಇಲ್ಲಿ ನಾನು, ಸೊಸೆ ಗಂಗಾಲಕ್ಷ್ಮಿ, ಎಲ್ಲರೂ ಕ್ಷೇಮ. ಶುಕ್ರವಾರ ರೇಷ್ಮೆ ಮರಿ ಬರುತ್ತವೆ. ಸೊಸೆ ಹುಳುಮನೆ ತೊಳೆಯುತ್ತಿದ್ದಾಳೆ. ಮೇ ತಿಂಗಳಿಗೆ ನನ್ನ ರಿಟೈರ್‌ಮೆಂಟು…

ಇಲ್ಲಿಗೆ ನಿಲ್ಲಿಸಿದೆ. ನಾಳೆ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಪ್ರಯೋಗ, ಲ್ಯಾಬ್ ಅಟೆಂಡರ್ ನಾನು ಸಾಮಾನು ಜೋಡಿಸಬೇಕು. ಲ್ಯಾಬಿನ ಸುಣ್ಣ ಮುಗಿದಿದೆ. ಪ್ರತಿ ವರ್ಷದಂತೆ ಹುಳುಮನೆಯ ಡಬ್ಬದಿಂದಲೇ ಒಂದು ಸೀಸೆ ತುಂಬಿಕೊಂಡೆ. ಹುಳುವಿನ ಹಾಸಿಗೆಗೆ ಉದುರಿಸುವುದೂ ಅರಳಿದ ಸುಣ್ಣ, ಟೆಸ್ಟ್‌ಟ್ಯೂಬಿಗೆ ಹಾಕುವುದೂ ಅದೇ. ಸೊಸೆ ಹೊರಗಿನಿಂದ ಏನೋ ಕೂಗಿದಳು. ಆಯ್ತಮ್ಮ ಅಂದೆ. ಚೀಟಿ ಬರೆದು ಅಂಟಿಸಿದೆ. ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದೆಲ್ಲ ಕಲಿತದ್ದು ಸೀಸೆಗಳ ಚೀಟಿ ನೋಡಿ, ಬಾಗಿಲ ಪಕ್ಕ ನಿಂತು ಪಾಠ ಕೇಳಿ.

ಜನವರಿ ೬. ಸೋಮವಾರ, ಸಂಜೆ ೬

 ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಶ್ರೀವಾಣಿ ಮೇಡಂ — ಈ ವರ್ಷ ಬಂದ ಅತಿಥಿ ಶಿಕ್ಷಕಿ — ಒಂದೊಂದೇ ಬಗೆಯ ಕ್ರಿಯೆ ತೋರಿಸುತ್ತ ಬಂದರು. ಮೆಗ್ನೀಸಿಯಂ ಪಟ್ಟಿ ಉರಿಸಿದರು, ಸಂಯೋಗ. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಬಿಟ್ಟರು, ಸ್ಥಾನಪಲ್ಲಟ. ಮೊಳೆಗೆ ತಾಮ್ರದ ಬಣ್ಣ ಹತ್ತಿದಾಗ ಮಕ್ಕಳು ಬೆಂಚು ಹತ್ತಿ ನೋಡಿದರು. ಕೊನೆಯದು ತಟಸ್ಥೀಕರಣ. ಸುಣ್ಣದ ನೀರಿಗೆ ಸೂಚಕದ ಎರಡು ಹನಿ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಆಸಿಡ್ ಬಿಟ್ಟ ಮೇಲೆ ಆ ಬಣ್ಣ ಹೋಗಬೇಕು.

ಬಣ್ಣ ಬಂತು. ಬಂದ ಹಾಗೆಯೇ ಹೋಯಿತು. ಆಸಿಡ್ ಇನ್ನೂ ಬಿಟ್ಟೇ ಇರಲಿಲ್ಲ. ಸೂಚಕ ಹಳೆಯದಿರಬೇಕು ಅಂದುಕೊಂಡೆ. ಹೇಳಲಿಲ್ಲ.

ಹನ್ನೆರಡು ಟ್ಯೂಬಿಗೆ ಒಟ್ಟಿಗೆ ಆಸಿಡ್ ಬಿಟ್ಟರು. ಚಳಿಗಾಳಿ ಅಂತ ಕಿಟಕಿಗಳನ್ನು ನಾನೇ ಹಾಕಿದ್ದೆ. ಮುಂದಿನ ಸಾಲು ಕೆಮ್ಮಿತು, ಆಮೇಲೆ ಎಲ್ಲ ಸಾಲೂ. ಬ್ಲೀಚಿಂಗ್ ವಾಸನೆ ಬೆಳಿಗ್ಗೆಯಿಂದ ಇತ್ತಂತೆ. ಸೋಮವಾರ ಟಾಯ್ಲೆಟ್ ತೊಳೆಯುವ ದಿನ, ಯಾರೂ ಗಮನ ಕೊಟ್ಟಿರಲಿಲ್ಲ. ನನಗಂತೂ ಏನೂ ತಿಳಿಯಲಿಲ್ಲ. ಕೊರೊನಾ ಬಂದು ಹೋದ ಮೇಲೆ ನನ್ನ ಮೂಗಿಗೆ ವಾಸನೆಯೇ ಇಲ್ಲ. ಶಾಲೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕುತ್ತಾರೆ.

ಮಕ್ಕಳನ್ನು ಹೊರಗೆ ನೂಕಿದೆವು. ಶಿವಾನಿ ಬಾಗಿಲಲ್ಲೇ ಕುಸಿದಳು. ಮೊದಲೇ ವೀಸಿಂಗ್ ಇರುವ ಹುಡುಗಿ. ತುಟಿ ನೀಲಿ. ಹೆಡ್ಮಾಸ್ಟರ ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ. ದಾರಿಯುದ್ದಕ್ಕೂ ಮೇಡಂ ಅವಳ ಬೆನ್ನು ನೀವುತ್ತಿದ್ದರು.

ಜನವರಿ ೮. ಬುಧವಾರ

ಶಿವಾನಿಗೆ ಇನ್ನೂ ಆಕ್ಸಿಜನ್. ಆದರೆ ಕಣ್ಣು ಬಿಟ್ಟು ಮಾತಾಡಿದಳಂತೆ.

ಹೆಡ್ಮಾಸ್ಟರ್ ಗಂಗುಲಪ್ಪನವರು ರೂಮಿಗೆ ಕರೆದರು. ಹದಿನಾರಕ್ಕೆ ವಿಚಾರಣೆ, ಅಧಿಕಾರಿ ಬರುತ್ತಾರೆ ಅಂದರು. ಒಂದು ಕಾಗದ ಮುಂದಿಟ್ಟರು. ‘ಶಿಕ್ಷಕಿಯು ಆಸಿಡ್ಡಿಗೆ ನೀರು ಬೆರೆಸಿದ್ದನ್ನು ನಾನು ನೋಡಿರುವುದಿಲ್ಲ.’

"ಪೋನೀ, ಹೋಗ್ಲಿ ಬಿಡಪ್ಪ. ಗೆಸ್ಟ್ ಟೀಚರ್ರು, ಇಲ್ಲಿಲ್ಲದಿದ್ರೆ ಇನ್ನೊಂದು ಸ್ಕೂಲು. ನೀನು ನೋಡಿಲ್ಲ ಅಂತ ತಾನೇ ಬರ್ದಿರೋದು?"

ಓದಿದವರು ಮೇಡಂ ನೀರು ಬೆರೆಸದ ಆಸಿಡ್ಡನ್ನೇ ಬಳಸಿದರು ಅಂದುಕೊಳ್ಳುತ್ತಾರೆ. ಆದರೆ ಬರೆದದ್ದು ಸುಳ್ಳಲ್ಲ. ಮೇಡಂ ಬೆರೆಸಿದ್ದನ್ನು ನೋಡಿಲ್ಲ. ಯಾಕೆಂದರೆ ಬೆರೆಸಿದವನು ನಾನು. ಒಂದು ಪಾಲು ಆಸಿಡ್ಡಿಗೆ ಹತ್ತು ಪಾಲು ನೀರು, ಇಪ್ಪತ್ತೊಂಬತ್ತು ವರ್ಷದಿಂದ ಅದೇ ಅಳತೆ. ಅದನ್ನು ಹೇಳಲು ಬಾಯಿ ತೆರೆದೆ. ಅವರು ಪೆನ್ನಿನ ಕ್ಯಾಪ್ ತೆಗೆದು ಕೊಟ್ಟರು.

ಸೈನು ಹಾಕಿಬಂದೆ.

ಜನವರಿ ೧೦

ಶಿವಾನಿ ಮನೆಗೆ ಬಂದಳು. ದೇವರು ದೊಡ್ಡವನು. ಮೇಡಂಗೆ ಕ್ಲಾಸಿಗೆ ಹೋಗಬೇಡಿ ಅಂದಿದ್ದಾರೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಿರುತ್ತಾರೆ. ಟೀ ಕೊಡಲು ಹೋದೆ. ಆಸಿಡ್ ಸೀಸೆ ಅದಲುಬದಲು ಆಗಿರಬಹುದಾ ಅಂತ ಮೆಲ್ಲಗೆ ಕೇಳಿದರು. ಇಲ್ಲ ಮೇಡಂ ಅಂದೆ. ಅಷ್ಟೇ ಅಂದೆ.

ಜನವರಿ ೧೧. ಶನಿವಾರ, ಮಧ್ಯಾಹ್ನ

ಮರಿಗಳು ನಿನ್ನೆ ಬಂದವು. ಹಾಸಿಗೆಗೆ ಸುಣ್ಣ ಉದುರಿಸೋಣ ಅಂತ ಡಬ್ಬಕ್ಕೆ ಕೈ ಹಾಕಿದೆ. ಗಂಗಾಲಕ್ಷ್ಮಿ ಓಡಿಬಂದು ಮಣಿಕಟ್ಟು ಹಿಡಿದುಕೊಂಡಳು.

"ಅದನ್ನ ಹಾಕ್ಬೇಡಿ ಮಾವ, ಹುಳ ಸತ್ತೋಗ್ತವೆ. ರೋಗ ಬರ್ದಂಗೆ ಬಾಗಿಲಿಗೆ ಚೆಲ್ಲಕ್ಕೆ ಅಂತ ಅರ್ಧಕ್ಕರ್ಧ ಬ್ಲೀಚಿಂಗ್ ಕಲ್ಸಿದ್ದೀನಿ. ಅವತ್ತೇ ಕೂಗಿ ಹೇಳಿದ್ನಲ್ಲ."

ನಾನು ಅಲ್ಲೇ ಕೂತೆ. ಬ್ಲೀಚಿಂಗಿಗೆ ಆಸಿಡ್ ಬಿದ್ದರೆ ಏನು ಹೊರಡುತ್ತದೆ ಅಂತ ಬಾಗಿಲ ಪಕ್ಕ ನಿಂತು ಎಷ್ಟು ಸಲ ಕೇಳಿದ್ದೇನೆ. ಕ್ಲೋರಿನ್. ಗುಲಾಬಿ ಬಣ್ಣ ತಿಂದದ್ದೂ ಆ ಬ್ಲೀಚಿಂಗೇ.

ನನ್ನ ಮುಖ ನೋಡಿ ಅವಳಿಗೂ ಅರ್ಥವಾಯಿತು. ಹುಳುವಿನ ಸೊಪ್ಪು ಹೆಚ್ಚಲು ಕೂತಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ನಾಲ್ಕೇ ತಿಂಗಳು ಮಾವ. ಸುಮ್ನಿದ್ಬಿಡಿ."

ಜನವರಿ ೧೩. ಸೋಮವಾರ

ಎಲ್ಲರಿಗಿಂತ ಮೊದಲು ಹೋಗಿ ಲ್ಯಾಬಿನ ಬೀಗ ತೆಗೆದೆ. ಸೀಸೆ ಬೀರುವಿನಲ್ಲೇ ಇತ್ತು. ನನ್ನದೇ ಅಕ್ಷರ — ಅರಳಿದ ಸುಣ್ಣ. ಸಿಂಕಿಗೆ ತಂದೆ. ಮುಚ್ಚಳ ತೆಗೆದೆ. ನಲ್ಲಿ ಬಿಟ್ಟೆ. ಐದು ನಿಮಿಷದ ಕೆಲಸ. ನೀರು ಸುಮ್ಮನೆ ಹರಿಯುತ್ತಿತ್ತು, ನಾನು ಸೀಸೆ ಹಿಡಿದು ನಿಂತಿದ್ದೆ.

ನಲ್ಲಿ ನಿಲ್ಲಿಸಿದೆ. ಸೀಸೆಯನ್ನು ಊಟದ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಹೆಡ್ಮಾಸ್ಟರ ಹತ್ತಿರ ಹೋಗಿ, ಸೈನು ಹಾಕಿದ ಕಾಗದ ವಾಪಸ್ ಕೊಡಿ ಸಾರ್ ಅಂದೆ. ಅದು ಆಗಲೇ ಮೇಲೆ ಹೋಗಿದೆ ಅಂದರು. ಯಾಕೆ ಅಂತ ಕೇಳಿದರು. ಸುಮ್ಮನೆ ಅಂದೆ.

ಸುಮ್ಮನೆ ಅಂತೆ.

ಜನವರಿ ೧೬. ಗುರುವಾರ, ಬೆಳಿಗ್ಗೆ ೧೦-೪೦

ಹಬ್ಬ ಕಳೆಯಿತು. ಎಳ್ಳು-ಬೆಲ್ಲ ಬಾಯಿಗಿಟ್ಟುಕೊಂಡೆ, ಅಷ್ಟೇ.

ಹೆಡ್ಮಾಸ್ಟರ ರೂಮಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಅಧಿಕಾರಿ ಬಂದು ಕೂತಿದ್ದಾರೆ. ಬೆಂಚಿನಲ್ಲಿ ನನ್ನ ಪಕ್ಕ ಶ್ರೀವಾಣಿ ಮೇಡಂ. ಅವರಿಗೆ ಮೊದಲು ಹೇಳಿದೆ. ಡಬ್ಬ, ಸೊಸೆ ಕೂಗಿದ್ದು, ನನ್ನ ಮೂಗು, ಕಾಗದ — ಎಲ್ಲ. ಚೀಲದಿಂದ ಸೀಸೆ ತೆಗೆದು ತೋರಿಸಿದೆ. ಮುಚ್ಚಳ ಸಡಿಲಿಸಿ ಮೂಗಿನ ಹತ್ತಿರ ಹಿಡಿದರು, ತಟ್ಟನೆ ಮುಚ್ಚಿದರು. ಬೈಯುತ್ತಾರೆ ಅಂದುಕೊಂಡೆ.

"ಹತ್ತು ದಿನದಿಂದ ನನ್ನ ಕೈ ನಾನೇ ನೋಡ್ಕೊಂಡು ಕೂತಿದ್ದೀನಿ, ಮುನಿಕೃಷ್ಣಪ್ಪನವ್ರೇ. ಇವು ಏನು ಮಾಡಿದ್ವು ಅಂತ."

ಆಮೇಲೆ ಆ ಕಡೆ ತಿರುಗಿಕೊಂಡರು. ಕ್ಷಮಿಸಿ ಅನ್ನಲೂ ಜಾಗ ಕೊಡಲಿಲ್ಲ. ಕೊಡಬೇಕಾಗಿಯೂ ಇಲ್ಲ.

ಅಕ್ಕ, ಅರ್ಧಕ್ಕೆ ಬಿಟ್ಟ ಪತ್ರವನ್ನು ಇಲ್ಲೇ ಮುಗಿಸುತ್ತಿದ್ದೇನೆ. ಈ ಸಲ ತಿದ್ದುವುದಿಲ್ಲ. ನಾನು ಒಯ್ದ ಸುಣ್ಣದಿಂದ ಒಂದು ಮಗು ಉಸಿರು ಸಿಗದೆ ಬಿತ್ತು. ನಾನು ಹಾಕಿದ ಸೈನಿನಿಂದ ಏನೂ ಮಾಡದವರ ಅನ್ನ ಹೋಗುವುದರಲ್ಲಿದೆ. ಮೇ ತಿಂಗಳವರೆಗೆ ನನ್ನನ್ನು ಇಟ್ಟುಕೊಳ್ಳುತ್ತಾರೋ, ಇವತ್ತೇ ಮನೆಗೆ ಕಳಿಸುತ್ತಾರೋ, ಗೊತ್ತಿಲ್ಲ. ಗಂಗಾಲಕ್ಷ್ಮಿಯದು ಏನೂ ತಪ್ಪಿಲ್ಲ, ಅವಳು ಹೇಳಿದ್ದಳು. ಭಾವನಿಗೂ ಇದನ್ನು ಓದಿ ಹೇಳು. ಬೈಯಬೇಕು ಅನ್ನಿಸಿದರೆ ಬೈದೇ ಬರಿ.

ಒಳಗಿನಿಂದ ಮೇಡಂ ಅವರ ಹೆಸರು ಕೂಗಿದರು. ಅವರು ಏಳುವ ಮೊದಲೇ ನಾನು ಎದ್ದೆ, ಮೊದಲು ನಾನು ಹೋಗ್ತೀನಿ ಅಂದೆ. ಬೇಗ ಬರಿ ಅಕ್ಕ, ಎರಡು ಸಾಲಾದರೂ…