ತೊಂಬತ್ತಮೂರಕ್ಕೆ ಬೆಂಕಿ ಸಣ್ಣ

ನವೆಂಬರ್ 3, ಬುಧವಾರ, ಬೆಳಿಗ್ಗೆ

ಉಪವಾಸ. ಹಾಲು, ಬೆಣ್ಣೆ, ಮಾಂಸ ಇಲ್ಲ. ಬೇಯಿಸಿದ ಆಲೂಗಡ್ಡೆ, ಉಪ್ಪುನೀರಿನ ಸೌತೆ. ಹಾಲು ಕರೆದೆ, ಕೋಳಿ ಬಿಟ್ಟೆ, ಮಾವನ ಒಲೆಯ ಬೂದಿ ತೆಗೆದೆ. ಅವರು ಕಿಟಕಿ ಕಡೆ ತಿರುಗಿ ಕುಳಿತರು, ನಾನು ತಲೆ ತಗ್ಗಿಸಿ ಬಂದೆ. ಇಪ್ಪತ್ತೇಳು ವರ್ಷದಿಂದ ಹೀಗೆಯೇ. ಮಾವನೆದುರು ಸೊಸೆ ಬಾಯಿ ತೆರೆಯುವುದು ನಮ್ಮಲ್ಲಿಲ್ಲ.

ಹಬ್ಬಕ್ಕೆ ಹದಿನೆಂಟು ದಿನ. ಅದರ ಬಿಯರ್ ಪ್ರತಿವರ್ಷ ಮನೆಯಲ್ಲಿ ನಾನೇ ಕುದಿಸುವುದು. ಊರ ಗಂಡಸರು ಈ ಸಲ ಕಾರ್ಖಾನೆಯ ಬಿಯರ್ ತರಿಸುತ್ತಾರಂತೆ. ನಮ್ಮ ಯಜಮಾನರು ನೆಲ ನೋಡುತ್ತ ಹೇಳಿದರು. ಕಳೆದ ವರ್ಷ ಸೌದೆ ಒಟ್ಟುವಾಗ ನನ್ನ ಭುಜ ಜಾರಿದ್ದು ಯಾರೂ ಮರೆತಿಲ್ಲ. ಹನ್ನೆರಡು ಗಂಟೆ ಬೆಂಕಿ ಕಾಯಲು ನನ್ನಿಂದಾಗದು... ನಿಜ. ಆದರೆ ಅತ್ತೆ ಕೊಪ್ಪರಿಗೆಯನ್ನು ಕೊಟ್ಟದ್ದು ನನ್ನ ಕೈಗೆ. ಬಿಡುವುದಿಲ್ಲ.

ತಮ್ಮ ಫೆದಾರನಿಗೆ ಫೋನ್ ಮಾಡಿದೆ. ಕೆಳಗೆ ಅಲಗಿರ್ ಪಟ್ಟಣದಲ್ಲಿ ಗ್ಯಾಸ್ ಕೆಲಸ ಅವನದು.

ನವೆಂಬರ್ 6, ಶನಿವಾರ

ಬಂದ. ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ಬರ್ನರ್ ಕೂರಿಸಿದ. ಕೊಪ್ಪರಿಗೆಯೊಳಗೆ ಒಂದು ಕಡ್ಡಿ — ಶಾಖ ಅಳೆಯುತ್ತದೆ. ಗೋಡೆಗೊಂದು ಡಬ್ಬಿ. ಹೇಳಿದ ಡಿಗ್ರಿ ಮುಟ್ಟಿದರೆ ಡಬ್ಬಿಯೇ ವಾಲ್ವ್ ತಿರುಗಿಸಿ ಬೆಂಕಿ ಸಣ್ಣ ಮಾಡುತ್ತದೆ. ಬೆಂಕಿ ಆರಿದರೆ ಗ್ಯಾಸನ್ನೇ ನಿಲ್ಲಿಸುತ್ತದೆ.

"ತೊಂಬತ್ತೇಳಕ್ಕೆ ಇಟ್ಟಿದೀನಿ ಅಕ್ಕಾ. ಮನೇಲಿ ನೀರು ಕಾಯಿಸಿ ನೋಡ್ಕೊಂಡೇ ಬಂದೆ. ನೀನಿನ್ನು ಕಾಲು ಚಾಚಿ ಮಲಗಬಹುದು."

ನಾದಿನಿ ಅನೀಸ್ಯಾ ಬಾಗಿಲಿಗೆ ಒರಗಿ ನಿಂತಿದ್ದಳು. "ಒಳ್ಳೇದಾಯ್ತು. ಹಾಗೇ ಪ್ರಾರ್ಥನೆ ಮಾಡೋಕೂ ಒಂದು ಡಬ್ಬಿ ಹಾಕಿಕೊಡಪ್ಪ, ನಮ್ಮಪ್ಪನಿಗೂ ವಯಸ್ಸಾಯ್ತು."

ಸಂಜೆ ಅವಳ ಬಾಯಲ್ಲೇ ಮಾವನ ಮಾತು ಬಂತು: "ಗ್ಯಾಸಲ್ಲಿ ಕುದಿಸಿದ ಬಿಯರಿನ ಬಟ್ಟಲನ್ನ ನಾನು ಎತ್ತಲ್ಲ."

ಹಬ್ಬದ ಪಂಕ್ತಿಯಲ್ಲಿ ಮೊದಲ ಬಟ್ಟಲು ಎತ್ತಿ ಪ್ರಾರ್ಥಿಸುವ ಹಿರಿಯರು ಅವರೇ. ಅವರು ಎತ್ತದಿದ್ದರೆ ನನ್ನ ಬಿಯರ್ ಹಂದಿಗಳಿಗೆ.

ನವೆಂಬರ್ 9, ಮಂಗಳವಾರ

ಅರ್ಧ ಕೊಪ್ಪರಿಗೆ ಹಾಕಿ ನೋಡಿದೆ. ಡಬ್ಬಿಯನ್ನು ನಂಬಿ ಹಾಲು ಕರೆಯಲು ಹೋದೆ. ತಪ್ಪು ನನ್ನದು. ಬಂದು ನೋಡಿದರೆ ನೊರೆ ಉಕ್ಕಿ, ಬರ್ನರ್ ತೊಯ್ದು, ಬೆಂಕಿ ಆರಿ, ಮೊಳಕೆ ಬಾರ್ಲಿಯ ರಸ ಅಂಗಳದವರೆಗೆ ಹರಿದಿದೆ. ಗ್ಯಾಸ್ ತಾನೇ ನಿಂತಿತ್ತು, ದೇವರು ದೊಡ್ಡವನು. ಮಾವ ಕಿಟಕಿಯಿಂದ ಎಲ್ಲ ನೋಡಿದರು.

"ಕೋಳಿಗಳು ಹಬ್ಬ ಶುರು ಮಾಡಿವೆ," ಎಂದಳು ಅನೀಸ್ಯಾ. ಆದರೂ ಪೊರಕೆ ಹಿಡಿದು ಬಂದಳು.

ಅತ್ತರೆ ಏನು ಬಂತು. ಅಂಗಳ ತೊಳೆದೆ.

ನವೆಂಬರ್ 10, ಬುಧವಾರ, ಮಧ್ಯಾಹ್ನ

ಉಪವಾಸ. ಬರೀ ನೀರು ಕಾಯಿಸಿದೆ, ಮೂರು ಸಲ. ಡಬ್ಬಿಯ ಮುಂದೆಯೇ ಕುಳಿತೆ. ಮೂರೂ ಸಲ ತೊಂಬತ್ತನಾಲ್ಕಕ್ಕೆ ಕುದಿಯಿತು. ಆಮೇಲೆ ಎಷ್ಟು ಉರಿಸಿದರೂ ಮೇಲೆ ಹೋಗದು! ತೊಂಬತ್ತೇಳು ಬರಲಿ ಎಂದು ಡಬ್ಬಿ ಕಾಯುತ್ತಲೇ ಇತ್ತು, ಪಾಪ.

ಫೆದಾರನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ ಅಕ್ಕಾ... ನೀವು ಬೆಟ್ಟದ ಮೇಲಿದೀರಿ. ಅಲ್ಲಿ ನೀರು ಬೇಗ ಕುದಿಯುತ್ತೆ. ತಲೆಗೇ ಹೋಗ್ಲಿಲ್ಲ."

"ಆ ಬೆಟ್ಟದಲ್ಲೇ ಹುಟ್ಟಿದೋನು ನೀನು, ಕತ್ತೆ."

ಗುಂಡಿ ಒತ್ತಿ ಒತ್ತಿ ನಾನೇ ತೊಂಬತ್ತಮೂರಕ್ಕೆ ಇಳಿಸಿದೆ.

ನವೆಂಬರ್ 16, ಮಂಗಳವಾರ

ಶಿಲುಬೆ ಗುರುತು ಮಾಡಿ ಬೆಳಗಿನ ಆರಕ್ಕೆ ಹಚ್ಚಿದೆ. ತುಂಬು ಕೊಪ್ಪರಿಗೆ. ಈ ಸಲ ಕದಲಲಿಲ್ಲ, ಸ್ಟೂಲ್ ಹಾಕಿ ಕುಳಿತೆ. ತೊಂಬತ್ತಮೂರು — ಬೆಂಕಿ ಕುಗ್ಗಿತು. ತೊಂಬತ್ತೆರಡು — ಎದ್ದಿತು. ಕಹಿಗೆಂದು ಹಾಪ್ಸ್ ಹೂವು ಹಾಕಿದಾಗ ನೊರೆ ಅಂಚಿನವರೆಗೆ ಬಂತು, ಉಸಿರು ಹಿಡಿದೆ... ಇಳಿಯಿತು.

ಮಾವ ಎದುರು ಬೆಂಚಿನಲ್ಲಿ ಬಂದು ಕುಳಿತರು. ಬೆನ್ನು ನನಗೆ, ಕಣ್ಣು ಮಾತ್ರ ಆಗಾಗ ಬೆಂಕಿಗೆ. ಊಟಕ್ಕೂ ಏಳಲಿಲ್ಲ. ಸಂಜೆ ಆರಕ್ಕೆ ಆರಿಸಿದೆ. ಭುಜ ನೋಯುತ್ತಿಲ್ಲ. ತಣಿದ ಮೇಲೆ ಹಳೆಯ ಹುದುಗು ಬೆರೆಸಿದೆ.

ನವೆಂಬರ್ 19, ಶುಕ್ರವಾರ

ಉಪವಾಸ. ಹುದುಗಿದೆ. ಕಪ್ಪಗೆ, ದಪ್ಪಗೆ, ಸರಿಯಾಗಿದೆ. ಒಂದು ಬಟ್ಟಲು ಅನೀಸ್ಯಾಳ ಕೈಯಲ್ಲಿ ಮಾವನಿಗೆ ಕಳಿಸಿದೆ. ಕುಡಿದು ಮೀಸೆ ಒರೆಸಿಕೊಂಡರಂತೆ.

ಓಡಿ ಬಂದಳು ಅನೀಸ್ಯಾ. "ಅಗುಂಡಾ ಅತ್ತಿಗೆ, ಅಪ್ಪ ಕೇಳ್ತಿದಾರೆ: 'ಬಟ್ಟಲು ಎತ್ತಿದಾಗ ಇದು ಗ್ಯಾಸಿಂದು ಅಂತ ಆತನಿಗೆ ಹೇಳ್ಲಾ, ಸುಮ್ಮನಿರ್ಲಾ? ಕುದಿಸಿದೋಳೇ ಹೇಳ್ಲಿ.' ಏನು ಹೇಳ್ಲಿ?"

ಆತ ಎಂದರೆ ಗಂಡಸರ ದೇವರು, ಹಬ್ಬ ಅವನದೇ. ಆ ಹೆಸರು ನಾವು ಹೆಂಗಸರು ಹೇಳುವಂತಿಲ್ಲ.

ಅಂದರೆ ಬಟ್ಟಲು ಎತ್ತುತ್ತಾರೆ! ಇಪ್ಪತ್ತೇಳು ವರ್ಷದಲ್ಲಿ ಮಾವ ನನ್ನನ್ನು ಏನೂ ಕೇಳಿರಲಿಲ್ಲ. ಅನೀಸ್ಯಾ ಯಾರ ಮಾತಿಗಾದರೂ ತನ್ನದು ನಾಲ್ಕು ಸೇರಿಸುತ್ತಾಳೆ. ಬರೆದೇ ಕೊಡುತ್ತೇನೆ ಎಂದು ಅವಳನ್ನು ಕಳಿಸಿದೆ. ಬರೆದದ್ದು ಇಷ್ಟು:

ಹೇಳಿ. ಮುಚ್ಚಿಡಬೇಡಿ. ಗ್ಯಾಸಿನದು ಎನ್ನಿ, ಕುದಿಸಿದವಳು ನಿಮ್ಮ ಸೊಸೆ ಎಂದೂ ಹೇಳಿ.

ಪೀಪಾಯಿ ತುಂಬುತ್ತಿದೆ, ಬಿಟ್ಟು ಹೋಗುವಂತಿಲ್ಲ. ಕೂಗಿದೆ — ಅನೀಸ್ಯಾ, ಚೀಟಿ ಕಿಟಕಿಯಲ್ಲಿದೆ, ಬೇಗ ಬಾ, ಅವರು ಕಾಯ್ತಿದಾರೆ, ತಗೊಂಡು ಹೋಗು.